ಒಂದೇ ಮಳೆ ಕಂಡ ಗುಂಬ

ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಈಗ ವಯಸ್ಸಾಗಿ ಮಂಡಿ ನೋಯುತ್ತಿದ್ದರೂ ಊಟಕ್ಕೆ ಕೂತವನು ಉಪ್ಪಿಗೆಂದು ಒಮ್ಮೆ, ನೀರಿಗೆಂದು ಒಮ್ಮೆ ಎದ್ದು ಹೋಗುತ್ತೇನೆ. "ಉಪ್ಪು ನಿಮ್ಮ ಎಲೆ ಪಕ್ಕದಲ್ಲೇ ಐತಲ್ರೀ" ಎಂದು ಮನೆಯವಳು ನಗುತ್ತಾಳೆ. ಕೃಷ್ಣರಾಜನಗರದ ಕಡೆ ನಮ್ಮದು ನಾಲೆ ನೀರಿನ ಊರು. ಅಪ್ಪನಿಗೆ ಗದ್ದೆಯಿತ್ತು, ದುಡಿಯಲು ಅಣ್ಣಂದಿರಿದ್ದರು, ಉಣ್ಣುವುದಕ್ಕೆ ಯೋಚನೆಯಿರಲಿಲ್ಲ. ಆದರೆ ನಾಟಿ ಹಾಕಿ, ಪೈರು ಬಲಿಯುವವರೆಗೂ ಬದುವಿನ ಮೇಲೆ ಕಾಯುವುದು ನನ್ನಿಂದ ಆಗದ ಕೆಲಸ. ನೀರು ಕಟ್ಟಲು ಕಳಿಸಿದರೆ ಮಡೆ ಬಿಚ್ಚಿಟ್ಟು ಪಕ್ಕದೂರಿಗೆ ನಡೆದುಬಿಡುತ್ತಿದ್ದೆ. ಅಪ್ಪ ಬಯ್ದು ಬಯ್ದು ಸುಸ್ತಾಗಿ, ಇವನ ಕಾಲಿಗೆ ಯಾರೋ ಚಕ್ರ ಕಟ್ಟಿದ್ದಾರೆ ಎಂದು ಕೈಬಿಟ್ಟ.

ಐವತ್ತರ ದಶಕ ಶುರುವಾದಾಗ ನಾನು ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಒಂದು ಹಂಗಾಮು ದುಡಿದೆ. ಅಲ್ಲಿಂದ ಕೊಡಗಿನ ಗಡಿಯ ಕೂಪಿಗೆ ಹೋಗಿ ಮರ ಕಡಿಯುವವರ ಜೊತೆ ಒಂದು ಬೇಸಿಗೆ ಕಳೆದೆ. ಮಲಯಾಳ ಮಾತಾಡುವ ಇಬ್ಬರು ಗರಗಸದವರು ನನಗೆ ಮರ ಕೊಯ್ಯುವುದನ್ನು ಕಲಿಸಲು ನೋಡಿದರು. ಒಬ್ಬ ಮೇಲೆ ನಿಂತು, ಇನ್ನೊಬ್ಬ ಗುಂಡಿಯಲ್ಲಿ ನಿಂತು, ಬೆಳಗಿನಿಂದ ಸಂಜೆಯವರೆಗೆ ಒಂದೇ ಗೆರೆಯ ಮೇಲೆ ಗರಗಸ ಎಳೆಯಬೇಕು. ನಾನು ಗೆರೆ ಬಿಟ್ಟು ಓಡುತ್ತಿದ್ದೆ. ನಾಲ್ಕನೇ ವಾರಕ್ಕೆ ಅವರು ಕೈಮುಗಿದು ಕಳಿಸಿಕೊಟ್ಟರು. ಹಾಗೆ ಬಂದು ಹುಣಸೂರಿನಲ್ಲಿ ಬಿದ್ದೆ. ಆಗ ನನಗೆ ಇಪ್ಪತ್ತಾರು.

ಊರಿಂದ ಕೋಟೆ ಪಟ್ಟಣದ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ಒಬ್ಬ ಆಚಾರ್ರ ಗಾಲಿ ಕೊಟ್ಟಿಗೆಯಿತ್ತು. ಎತ್ತಿನ ಗಾಡಿಯ ಗಾಲಿ ಮಾಡುವುದರಲ್ಲಿ ಸುತ್ತಲಿನ ನಾಲ್ಕೂ ತಾಲ್ಲೂಕಿಗೆ ಅವರದು ದೊಡ್ಡ ಹೆಸರು. ನಾನು ಅಲ್ಲಿ ನಿಂತದ್ದು ಕೆಲಸ ಕೇಳಲಲ್ಲ, ಹೊಗೆ ನೋಡಿ. ಗಾಲಿಗೆ ಕಬ್ಬಿಣದ ಪಟ್ಟಿ ಏರಿಸುತ್ತಿದ್ದರು. ಬೆರಣಿಯನ್ನು ವೃತ್ತಾಕಾರವಾಗಿ ಜೋಡಿಸಿ ನಡುವೆ ಪಟ್ಟಿ ಇಟ್ಟು ಕೆಂಪಗೆ ಕಾಯಿಸಿದ್ದರು. ಅದನ್ನು ಇಕ್ಕಳದಲ್ಲಿ ಎತ್ತಿ ಗಾಲಿಯ ಮೇಲೆ ಕೂರಿಸಿ, ಮರ ಹೊತ್ತಿಕೊಳ್ಳುವ ಮೊದಲೇ ಬಡಿದು, ನೀರು ಸುರಿಯಬೇಕು. ಹಿಡಿಯಲು ಒಂದಾಳು ಕಡಿಮೆಯಿತ್ತು. "ಲೇ, ನೋಡ್ತಾ ನಿಂತ್ಕಬ್ಯಾಡ, ಹಿಡಿ ಬಾ" ಎಂದು ಆಚಾರ್ರು ಕೂಗಿದರು. ನಾನು ಹಿಡಿದೆ. ನೀರು ಬಿದ್ದು ಪಟ್ಟಿ ಬಿಗಿಯುವಾಗ ಅಷ್ಟೂ ಕೀಲು ಒಟ್ಟಿಗೆ ಕಿರ್‍ರೆಂದು ಒಳಗೆ ಸರಿದು ಕೂತವು. ಆ ಅವಸರ ನನಗೆ ಬಹಳ ಹಿಡಿಸಿತು. ನನಗೆ ಹೇಳಿ ಮಾಡಿಸಿದ ಕೆಲಸ ಸಿಕ್ಕಿತೆಂದು ಅಲ್ಲೇ ಉಳಿದೆ.

ಉಳಿದ ಮೇಲೆ ಗೊತ್ತಾಯಿತು, ಗಾಲಿ ಕೆಲಸದಲ್ಲಿ ಅವಸರವಿರುವುದು ಆ ಒಂದು ಗಳಿಗೆ ಮಾತ್ರ. ಉಳಿದದ್ದೆಲ್ಲ ಕಾಯುವುದು.

ಗಾಲಿಯ ಜೀವ ಇರುವುದು ಗುಂಬದಲ್ಲಿ. ಗುಂಬವೆಂದರೆ ನಡುವಿನ ದಪ್ಪ ಮರ. ಅದರ ಹೊಟ್ಟೆಯಲ್ಲಿ ಅಚ್ಚು ತಿರುಗುತ್ತದೆ, ಮೈ ಸುತ್ತಲೂ ತೂತು ಕೊರೆದು ಹನ್ನೆರಡು ಅರೆಕಾಲು, ಅಂದರೆ ಗಾಲಿಯ ಕಡ್ಡಿ, ಕೂರಿಸುತ್ತಾರೆ. ಆಚಾರ್ರು ಗುಂಬಕ್ಕೆ ಮತ್ತಿ ಮರವನ್ನೇ ಹಾಕುತ್ತಿದ್ದರು. ಕೋಟೆ ಕಡೆಯ ಮರದ ಡಿಪೋಗೆ ತಮ್ಮದೇ ಗಾಡಿ ಕಟ್ಟಿಕೊಂಡು ಹೋಗಿ, ದಿಮ್ಮಿಯ ಒಂದು ತುದಿಗೆ ಬಾಚಿಯ ಹಿಂಬದಿಯಿಂದ ತಟ್ಟಿಸಿ, ಇನ್ನೊಂದು ತುದಿಗೆ ಕಿವಿಯಿಟ್ಟು ಆರಿಸುತ್ತಿದ್ದರು. ಮತ್ತಿ ಗಟ್ಟಿ ಮರ, ಭಾರ ಹೊರುವುದರಲ್ಲಿ ಎತ್ತಿದ ಕೈ. ಆದರೆ ಹಸಿಯಾಗಿ ಬಿಸಿಲಿಗೆ ಬಂತೋ, ಸೀಳಿಬಿಡುತ್ತದೆ. ಅದಕ್ಕೇ ದಿಮ್ಮಿಯನ್ನು ತುಂಡು ಮಾಡಿ ಊರ ಹೊರಗಿನ ಕೆರೆಯ ಕೆಸರಿನಲ್ಲಿ ಹೂಳುತ್ತಿದ್ದರು. ಎರಡು ಮಳೆಗಾಲ ಅಲ್ಲೇ ಬಿದ್ದಿರಬೇಕು. ಒಂದು ಮಳೆಗಾಲ ಕಳೆದ ಮೇಲೆ ಆಚಾರ್ರು ತೊಡೆ ಮಟ್ಟದ ನೀರಿಗಿಳಿದು, ಪ್ರತಿಯೊಂದು ತುಂಡನ್ನೂ ಎತ್ತಿ ತಲೆಯ ಕಡೆ ಬಾಚಿಯಿಂದ ಒಂದು ಕಚ್ಚು ಹಾಕಿ ಮತ್ತೆ ಮುಳುಗಿಸುತ್ತಿದ್ದರು. ಎರಡನೇ ಮಳೆಗಾಲ ಕಳೆದರೆ ಎರಡನೇ ಕಚ್ಚು. ಎರಡು ಕಚ್ಚು ಬಿದ್ದದ್ದು ಮಾತ್ರ ಮೇಲೆ ಬಂದು, ಕೊಟ್ಟಿಗೆಯ ನೆರಳಲ್ಲಿ ಹುಲ್ಲು ಹೊದ್ದುಕೊಂಡು ಒಂದು ಬೇಸಿಗೆ ಮಲಗಿ, ಆಮೇಲೆ ಗುಂಬವಾಗುತ್ತಿತ್ತು. ಗಾಲಿ ಕೊಳ್ಳಲು ಬಂದವರು ಮೊದಲು ಗುಂಬದ ಹಿಂದೆ ಬೆರಳಾಡಿಸಿ ಆ ಎರಡು ಕಚ್ಚು ಮುಟ್ಟಿ ನೋಡುತ್ತಿದ್ದರು. ಸಿಕ್ಕಿತೋ, ಇನ್ನೇನೂ ಕೇಳುತ್ತಿರಲಿಲ್ಲ.

ನನಗೆ ಇದೆಲ್ಲ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಕೆರೆ ಏರಿಯ ಮೇಲೆ ನಿಂತು, ಆ ಕೆಸರಿನೊಳಗೆ ನಲವತ್ತು ಗಾಲಿ ಸುಮ್ಮನೆ ಮಲಗಿವೆಯಲ್ಲ ಎಂದು ಸಿಟ್ಟಾಗುತ್ತಿದ್ದೆ. "ಒಂದು ಮಳೆಗೇ ಆಯ್ಕಿಲ್ವ ಆಚಾರ್ರೇ?" ಎಂದು ಕೇಳಿದರೆ ಅವರು ಕನ್ನಡಕದ ಮೇಲಿಂದ ನೋಡಿ, "ಕುಂತ್ಕೊಳ್ಲಾ ಒಂದ್ ಗಳ್ಗೆ. ಮರ ಕುಂತದೆ, ನಿಂಗೇನು?" ಎನ್ನುತ್ತಿದ್ದರು. ದಾರಿಹೋಕರು ಬೇರೆ, ಗೌಡ್ರ ಮಗ ಬಾಚಿ ಹಿಡಿದಿದ್ದಾನೆ, ಇನ್ನು ಆಚಾರ್ರು ನೇಗಿಲು ಹಿಡಿಯುವುದೊಂದು ಬಾಕಿ ಎಂದು ಆಡಿಕೊಳ್ಳುತ್ತಿದ್ದರು. ಆಚಾರ್ರಿಗೆ ಗಂಡುಮಕ್ಕಳಿರಲಿಲ್ಲ. ಇದ್ದೊಬ್ಬ ಮಗಳನ್ನು ಕಟ್ಟೆಮಳಲವಾಡಿಗೆ ಕೊಟ್ಟಿದ್ದರು. ಮೂರು ವರ್ಷ ನಾನು ಅಲ್ಲಿ ನಿಂತದ್ದು ನನಗೇ ಆಶ್ಚರ್ಯ. ಬಾಚಿ, ಉಳಿ, ಬೈರಿಗೆ ಎಲ್ಲ ಕೈಗೆ ಹತ್ತಿದ್ದವು. ಆದರೆ ಗುಂಬವನ್ನು ಮಾತ್ರ ಅವರು ನನ್ನ ಕೈಗೆ ಕೊಟ್ಟಿರಲಿಲ್ಲ.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಅಂತರಸಂತೆ ಕಡೆಯ ಒಬ್ಬ ಗಾಡಿಯವನು ಬಂದ. ಕಾಡಿನ ಕೂಪಿನಿಂದ ಡಿಪೋಗೆ ದಿಮ್ಮಿ ಸಾಗಿಸುವುದು ಅವನ ಕೆಲಸ. ಹೊಲವಿಲ್ಲ, ಮನೆಯಿಲ್ಲ ಎನ್ನುವಂತೆಯೇ. ಇದ್ದದ್ದು ಒಂದು ಗಾಡಿ, ಒಂದು ಜೊತೆ ಎತ್ತು. ಬಲಗಡೆಯ ಗಾಲಿಯ ಗುಂಬ ಹಳತಾಗಿ ಒಡೆದಿತ್ತು. ಮಳೆ ಹಿಡಿದರೆ ಕಾಡಿನ ದಾರಿ ಮುಚ್ಚುತ್ತದೆ, ಅಷ್ಟರೊಳಗೆ ದುಡಿದದ್ದೇ ಅವನಿಗೆ ವರ್ಷದ ಅನ್ನ.

ಆದರೆ ಆ ವರ್ಷ ಎರಡು ಕಚ್ಚಿನ ತುಂಡು ಒಂದೂ ಉಳಿದಿರಲಿಲ್ಲ. ಕೊನೆಯದು ಹಿಂದಿನ ವಾರ ಹೋಗಿತ್ತು. ಕೆರೆಯಲ್ಲಿದ್ದವೆಲ್ಲ ಒಂದು ಕಚ್ಚಿನವು.

"ದೀಪಾವಳಿ ಕಳೀಲಿ, ಆಮೇಲೊಂದ್ ಬೇಸ್ಗೆ ಒಣ್ಗಲಿ" ಎಂದರು ಆಚಾರ್ರು.

"ಅಲ್ಲೀಗಂಟ ಎತ್ತು ಏನ್ ತಿಂತವೆ ಬುದ್ಧಿ? ನನ್ನೇ ತಿನ್ಬೇಕು ಅಷ್ಟೆ" ಎಂದ ಅವನು.

"ಬ್ಯಾರೆ ಕಡೆ ವಿಚಾರ್ಸಪ್ಪ. ನನ್ತಾವ ಇಲ್ದಿದ್ನ ಎಲ್ಲಿಂದ ತರ್ಲಿ?"

ಅವನು ಬೇರೆ ಕಡೆ ಹೋಗಲಿಲ್ಲ. ಮೂರು ದಿನಕ್ಕೊಮ್ಮೆ ಬಂದು ಕೊಟ್ಟಿಗೆಯ ಬಾಗಿಲಲ್ಲಿ ನಿಲ್ಲುತ್ತಿದ್ದ. ಬೇಡುತ್ತಿರಲಿಲ್ಲ, ಜಗಳವಾಡುತ್ತಿರಲಿಲ್ಲ, ಸುಮ್ಮನೆ ನಿಲ್ಲುತ್ತಿದ್ದ. ಅದು ನನ್ನ ತಲೆ ಕೆಡಿಸುತ್ತಿತ್ತು.

ಅಷ್ಟರಲ್ಲಿ ಆಚಾರ್ರ ಎಡಗಣ್ಣಿಗೆ ಪೊರೆ ಬಂದು, ಅವರು ಹೆಂಡತಿಯ ಜೊತೆ ಮೈಸೂರಿಗೆ ಆಪರೇಷನ್ನಿಗೆ ಹೋದರು. ಮೂರು ವಾರ ಆಗುತ್ತದೆ ಎಂದರು. "ಹಳೇ ಗಾಡಿ ರಿಪೇರಿ ಮಾಡ್ಕಂಡಿರು. ಹೊಸ್ದಕ್ಕೆ ಕೈ ಹಾಕ್ಬ್ಯಾಡ" ಎಂದು ಹೇಳಿ ಬಸ್ಸು ಹತ್ತಿದರು. ಬಸ್ಸಿನ ಧೂಳು ಇಳಿಯುವ ಮೊದಲೇ ನಾನು ಕೆರೆಗೆ ಹೋಗಿದ್ದೆ.

ಗಾಡಿಯವನ ಮೇಲಿನ ಕನಿಕರದಿಂದ ಹಾಗೆ ಮಾಡಿದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸುಳ್ಳು. ಕನಿಕರವಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಯಾರೂ ನೋಡದಿರುವಾಗ ಒಂದಿಡೀ ಗಾಲಿಯನ್ನು ನಾನೊಬ್ಬನೇ ಮಾಡಬೇಕೆಂಬ ಚಪಲ ಅದಕ್ಕಿಂತ ದೊಡ್ಡದಿತ್ತು. ಒಳ್ಳೆಯ ತುಂಡೊಂದನ್ನು ಎತ್ತಿದೆ. ಕಪ್ಪಗೆ, ತಣ್ಣಗೆ, ಕೈಗೆ ಒಳ್ಳೆ ಭಾರ. ಒಂದೇ ಕಚ್ಚು. ಅದನ್ನು ಕೊಟ್ಟಿಗೆಯ ಮೂಲೆಯಲ್ಲಿಟ್ಟು ಬೆರಣಿಯ ಹೊಗೆ ಹಾಕಿ, ಹೊರಳಿಸಿ ಹೊರಳಿಸಿ ಒಣಗಿಸಿದೆ. ಐದು ದಿನಕ್ಕೆ ಮೇಲ್ಮೈ ತಟ್ಟಿದರೆ ಟಣ್ಣೆನ್ನತೊಡಗಿತು. ಒಳಗೆ ಏನಿದೆ ಎಂದು ನಾನು ಕೇಳಿಕೊಳ್ಳಲಿಲ್ಲ.

ಒಂದು ಕೊನೆಯಲ್ಲಿ ಅಂಗೈ ಅಗಲದ ಬಿಲ್ಲೆಯನ್ನು ಕೊಯ್ದು ಅಳತೆಗೆ ತಂದೆ. ತೂತು ಕೊರೆದೆ, ಅರೆಕಾಲು ಹೊಡೆದೆ, ಸುತ್ತುಮರ ಜೋಡಿಸಿದೆ. ಕೆಲಸ ಚೆನ್ನಾಗಿಯೇ ಬಂತು, ಈಗಲೂ ಹೇಳುತ್ತೇನೆ. ಎಲ್ಲ ಮುಗಿದ ಮೇಲೆ ಬಾಚಿ ತೆಗೆದುಕೊಂಡು, ಆಚಾರ್ರ ಕಚ್ಚಿನ ಪಕ್ಕದಲ್ಲಿ ಇನ್ನೊಂದು ಕಚ್ಚು ಹಾಕಿದೆ. ಹೊಸದೆಂದು ಕಾಣದಿರಲಿ ಎಂದು ಕೆರೆಯ ಕೆಸರನ್ನೇ ಅದರೊಳಗೆ ಉಜ್ಜಿದೆ. ಅದೊಂದನ್ನು ಮಾಡುವಾಗ ಮಾತ್ರ ಬಾಗಿಲು ಮುಂದಕ್ಕೆ ಎಳೆದುಕೊಂಡಿದ್ದೆ.

ಪಕ್ಕದ ಕಮ್ಮಾರನನ್ನೂ ದಾರಿಯ ಇಬ್ಬರನ್ನೂ ಕರೆದು ಪಟ್ಟಿ ಏರಿಸಿದೆವು. ಗಾಡಿಯವನು ಬಂದ. ಗುಂಬದ ಹಿಂದೆ ಹೆಬ್ಬೆರಳು ಆಡಿಸಿದ. ಒಂದು, ಎರಡು. ಮುಖ ಅರಳಿತು.

"ಎಲ್ಲಿತ್ತು ಬುದ್ಧಿ ಇದು?"

"ಹುಲ್ಲೊಳಗೆ ಒಂದು ಉಳ್ಕಂಡಿತ್ತು" ಎಂದೆ. ಅವನು ಬಗ್ಗಿ ಗಾಲಿಗೆ ಕೈಮುಗಿದು ಗಾಡಿ ಹೊಡೆದುಕೊಂಡು ಹೋದ. ಒಂದು ದಿನ, ಎರಡು ದಿನ, ನಾನು ಎದೆ ಉಬ್ಬಿಸಿಕೊಂಡು ತಿರುಗಿದೆ.

ಮೂರನೇ ದಿನ ಕೆಲಸದ ಹಲಗೆಯ ಮೇಲೆ ಬಿದ್ದಿದ್ದ ಆ ಬಿಲ್ಲೆಯನ್ನು ಕೈಗೆತ್ತಿಕೊಂಡೆ. ಗುಂಬದ ತುದಿಯಿಂದ ಕೊಯ್ದದ್ದು, ಅದೇ ಮರ, ಅದೇ ಹೊಗೆ. ನಡುವಿನಿಂದ ಅಂಚಿಗೆ ಕೂದಲೆಳೆಯಷ್ಟು ಒಂದು ಗೆರೆ ಕಾಣಿಸಿತು. ಉಗುಳು ಹಚ್ಚಿ ಉಜ್ಜಿದೆ, ಹೋಗಲಿಲ್ಲ. ನೆರಳಲ್ಲಿಟ್ಟೆ. ಒದ್ದೆ ಗೋಣಿ ಹೊದಿಸಿದೆ. ದಿನಕ್ಕೆ ಹತ್ತು ಸಲ ತೆಗೆದು ನೋಡಿದೆ. ಆರನೇ ದಿನ ಗೆರೆ ಮೂರಾಯಿತು. ಒಂಬತ್ತನೇ ದಿನ ಅದರೊಳಗೆ ಉಗುರು ತೂರಿತು. ಇಲ್ಲಿ, ನೆರಳಿನಲ್ಲಿ, ಗೋಣಿಯ ಕೆಳಗೆ ಹೀಗಾದರೆ, ಅಲ್ಲಿ ಬಿಸಿಲಿನಲ್ಲಿ ದಿಮ್ಮಿ ಹೊತ್ತು ಉರುಳುವ ಗುಂಬದ ಗತಿಯೇನು? ಊಟ ಸೇರದಾಯಿತು. ಬಾಚಿ ಹಿಡಿದರೆ ಕೆಳಗಿಡುತ್ತಿದ್ದೆ, ಕೆಳಗಿಟ್ಟರೆ ಎತ್ತಿಕೊಳ್ಳುತ್ತಿದ್ದೆ. ರಸ್ತೆಯಲ್ಲಿ ಗಾಡಿ ಕಿರುಗುಟ್ಟಿದರೆ ಎದ್ದು ಬಾಗಿಲಿಗೆ ಓಡುತ್ತಿದ್ದೆ. ಕಣ್ಣು ಮುಚ್ಚಿದರೆ ಇಳಿಜಾರು, ಎತ್ತು, ಅದರ ಬೆನ್ನ ಹಿಂದೆ ದಿಮ್ಮಿ.

ಹನ್ನೊಂದನೇ ದಿನ ಬೆಳಿಗ್ಗೆ ಬಿಲ್ಲೆಯನ್ನು ಜುಬ್ಬದ ಜೇಬಿಗೆ ಹಾಕಿಕೊಂಡು ಕೋಟೆಯ ಬಸ್ಸು ಹತ್ತಿದೆ.

ಆ ಬಸ್ಸನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಸಂತೆಗೆ ಹೋಗುವ ಅಜ್ಜಿಗಾಗಿ ನಿಂತಿತು. ಅಜ್ಜಿಯ ಕೋಳಿಗಾಗಿ ನಿಂತಿತು. ಎಂಜಿನ್ನು ಕಾದು ಹಬೆಯಾಡಿದಾಗ, ಡ್ರೈವರು ಬಕೆಟ್ಟು ಹಿಡಿದು ಹಳ್ಳಕ್ಕೆ ಹೋದವನು ಅಲ್ಲೇ ಮುಖ ತೊಳೆದು ಬೀಡಿ ಸೇದಿದ. ನಾನು ಇಳಿದು ಮುಂದಕ್ಕೆ ನಡೆಯತೊಡಗಿದೆ. ಒಂದು ಮೈಲಿ ನಡೆದ ಮೇಲೆ ಬಸ್ಸು ಹಿಂದಿನಿಂದ ಬಂದು ನನ್ನನ್ನು ಹತ್ತಿಸಿಕೊಂಡಿತು. ಮತ್ತೆ ನಿಂತಿತು, ಮತ್ತೆ ಇಳಿದೆ. "ಯಜಮಾನ್ರೇ, ನೀವೇ ಎಳ್ಕಂಡ್ ಹೋಗ್ಬುಡಿ ಬಸ್ಸ" ಎಂದು ಕಂಡಕ್ಟರು ತಮಾಷೆ ಮಾಡಿದ. ಎಲ್ಲರೂ ನಕ್ಕರು. ನನಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು.

ಕೋಟೆಯ ಡಿಪೋದಲ್ಲಿ ಗಾಡಿಯವನನ್ನು ವಿಚಾರಿಸಿದೆ. ಅವನು ನಿನ್ನೆ ಕೂಪಿಗೆ ಹೋಗಿದ್ದಾನೆ, ಇವತ್ತು ದೊಡ್ಡ ದಿಮ್ಮಿ ಹೇರಿಕೊಂಡು ಬರುತ್ತಾನೆ ಎಂದರು. ಆ ಕಡೆ ಹೊರಟಿದ್ದ ಲಾರಿಗೆ ಕೈ ಒಡ್ಡಿ ಅಂತರಸಂತೆಯವರೆಗೆ ಹೋಗಿ, ಅಲ್ಲಿಂದ ಕಾಡಿನ ಗಾಡಿದಾರಿ ಹಿಡಿದೆ. ಅರ್ಧ ಓಟ, ಅರ್ಧ ನಡಿಗೆ. ಎರಡೂ ಕಡೆ ಎಲೆ ಉದುರಿದ ತೇಗ, ಕಾಲ ಕೆಳಗೆ ಹಪ್ಪಳದಂತೆ ಮುರಿಯುವ ಒಣ ಎಲೆ. ಆನೆ ದಾಟುವ ಜಾಗ ಅದು. ಒಬ್ಬನೇ ಹೋಗಬೇಡವೆಂದು ಅಂತರಸಂತೆಯ ಅಂಗಡಿಯವರು ಹೇಳಿದ್ದರು. ಆನೆಯ ಭಯ ನನ್ನ ತಲೆಗೇ ಹತ್ತಲಿಲ್ಲ.

ಗಾಡಿ ಕಾಣುವ ಮೊದಲು ಗಾಲಿ ಕೇಳಿಸಿತು. ಒಳ್ಳೆಯ ಗಾಲಿ ಗಡಗಡ ಎನ್ನುತ್ತದೆ. ಇದು ಒಂದೊಂದು ಸುತ್ತಿಗೂ ಟಕ್ಕೆಂದು ಹಲ್ಲು ಕಡಿಯುತ್ತಿತ್ತು. ಏರು ಹತ್ತಿ ನೋಡಿದರೆ, ಎದುರು ದಿಬ್ಬದ ತುದಿಯಲ್ಲಿ ಗಾಡಿ. ಸರಪಳಿ ಬಿಗಿದ ದಿಮ್ಮಿ. ಇನ್ನೇನು ಹಳ್ಳದ ಇಳಿಜಾರಿಗೆ ಎತ್ತು ಕಾಲಿಡಬೇಕು.

"ನಿಲ್ಸು! ನಿಲ್ಸೋ!" ಎಂದು ಕಿರುಚುತ್ತ ಓಡಿದೆ.

ಅವನು ಹಗ್ಗ ಎಳೆದು ಹಿಡಿದು, "ಆನೆನಾ? ಎಲ್ಲದೆ ಆನೆ?" ಎಂದು ಸುತ್ತ ನೋಡಿದ. ನನ್ನ ಗುರುತು ಹತ್ತಿದ ಮೇಲೆ ನಕ್ಕ. ನಾನು ಏದುಸಿರು ಬಿಡುತ್ತ ಒಂದು ಕಲ್ಲನ್ನು ತಂದು ಗಾಲಿಗೆ ಅಡ್ಡ ಕೊಟ್ಟೆ. ಗುಂಬದ ಮೈಗೆ ಅವನು ಹಸಿ ತೊಗಲಿನ ಹಗ್ಗ ಸುತ್ತಿದ್ದ. ಹಗ್ಗದ ಸಂದಿನಲ್ಲಿ ಬಿರುಕು ಕಾಣುತ್ತಿತ್ತು, ಎರಡು ಅರೆಕಾಲಿನ ನಡುವೆ ಬೆರಳು ತೂರುವಷ್ಟು. ತುದಿಯ ಕಬ್ಬಿಣದ ಬಳೆ ಅದನ್ನು ಹೇಗೋ ಹಿಡಿದಿಟ್ಟಿತ್ತು.

ಅವನು ತಪ್ಪು ಮಾಡಿದವನಂತೆ ತಲೆ ಕೆರೆದುಕೊಂಡ. "ಆಚಾರ್ರಿಗೆ ಯೋಳ್ಬ್ಯಾಡಿ ಬುದ್ಧಿ. ಒಂದಿನ ಗಾಡಿಯ ಬಿಸ್ಲಲ್ ಬುಟ್ಬುಟ್ಟೆ, ನಂದೇ ತಪ್ಪು. ಇಲ್ದಿದ್ರೆ ಎಲ್ಡ್ ಕಚ್ಚಿನ್ ಗುಂಬ ಎಲ್ಲಾರ ಸೀಳ್ತದಾ? ಡೆಯ್ಲಿ ಹಳ್ಳದಾಗ್ ನೆನುಸ್ತಾ ಇವ್ನಿ. ಮಳೆಗಂಟ ಎಂಗೋ ತಡೀತದೆ."

ಅವನು ಬಯ್ದಿದ್ದರೆ ನಾನು ತಿರುಗಿ ಬಯ್ಯುತ್ತಿದ್ದೆನೇನೋ. ಅವನು ತನ್ನನ್ನೇ ಬಯ್ದುಕೊಂಡ. ದಾರಿಯ ಧೂಳಿನಲ್ಲೇ ಕುಕ್ಕರಿಸಿ, ಜೇಬಿನ ಬಿಲ್ಲೆ ತೆಗೆದು ಅವನ ಕೈಗಿಟ್ಟೆ. ಎಲ್ಲ ಹೇಳಿದೆ. ಒಂದೇ ಮಳೆ ಕಂಡ ಮರ. ಆಚಾರ್ರು ಊರಲ್ಲಿರಲಿಲ್ಲ. ಹೊಗೆ ಹಾಕಿದ್ದು ನಾನು. ಎರಡನೇ ಕಚ್ಚು ನಾನು ಹಾಕಿದ್ದು, ಕೆಸರು ಉಜ್ಜಿದ್ದೂ ನಾನೇ.

ಅವನು ಬಿಲ್ಲೆಯ ಬಿರುಕಿನೊಳಗೆ ಉಗುರು ತೂರಿಸಿ ನೋಡಿದ. ಆಮೇಲೆ ಎತ್ತಿನ ಹತ್ತಿರ ಹೋಗಿ ಬಲಗಡೆಯದರ ಕತ್ತಿನ ಮೇಲೆ ಕೈಯಿಟ್ಟು ನಿಂತ.

"ಈ ಇಳಿಜಾರ್ನಾಗೆ ಗಾಲಿ ಬಿಚ್ಕಂಡಿದ್ರೆ ಮರ ಇವುನ್ ಬೆನ್ ಮ್ಯಾಕ್ ಬತ್ತಿತ್ತು. ನಾನು ಮುಂದ್ಗಡೆ ಕುಂತಿದ್ದೆ. ನನ್ ಮ್ಯಾಕೂ ಬತ್ತಿತ್ತು." ನನ್ನ ಕಡೆ ತಿರುಗಿ ಅಂದ, "ನೀನು ಅವುಸ್ರ ಮಾಡ್ದೆ ಸರಿ. ಆ ಕಚ್ಚು ಯಾಕಾಕ್ದೆ?"

ಅಲ್ಲಿಯವರೆಗೆ ನನ್ನನ್ನು 'ಬುದ್ಧಿ' ಎನ್ನುತ್ತಿದ್ದವನು ಏಕವಚನಕ್ಕೆ ಇಳಿದಿದ್ದ.

ಅಡ್ಡ ಕೊಟ್ಟಿದ್ದ ಕಲ್ಲನ್ನು ಎತ್ತಿ ಅವನು ನನ್ನ ಕೈಗೆ ಕೊಟ್ಟ. "ಗಾಲಿ ಪಕ್ಕದಾಗೇ ನಡಿ. ಟಕ್ ಅನ್ನೋದು ಜಾಸ್ತಿ ಆದ್ರೆ ಅಡ್ಡ ಮಡುಗು." ಅಷ್ಟೇ ಹೇಳಿದ್ದು. ನಾನು ನಡೆದೆ. ಇಳಿಜಾರಿನಲ್ಲಿ ಒಂದೊಂದು ಸುತ್ತಿಗೂ ಕಲ್ಲಿಟ್ಟೆ, ಎತ್ತಿದೆ, ಇಟ್ಟೆ. ಹಳ್ಳದಲ್ಲಿ ನಿಲ್ಲಿಸಿ ಗುಂಬಕ್ಕೆ ನೀರು ಸುರಿದೆ. ಡಿಪೋದಲ್ಲಿ ದಿಮ್ಮಿ ಇಳಿಸಿದಾಗ ನಡುರಾತ್ರಿಯಾಗುತ್ತಿತ್ತು. ಮರುದಿನ ಬೆಳಿಗ್ಗೆ ಖಾಲಿ ಗಾಡಿ ಹುಣಸೂರಿನ ಕಡೆ ತಿರುಗಿತು. ಖಾಲಿಯಾದರೂ ಅವನು ನನಗೆ ಹತ್ತು ಎನ್ನಲಿಲ್ಲ, ನಾನೂ ಕೇಳಲಿಲ್ಲ. ಕೋಟೆಯಿಂದ ಹುಣಸೂರು ಹದಿನೆಂಟು ಮೈಲಿಯೋ ಇಪ್ಪತ್ತೋ. ಅಷ್ಟನ್ನೂ ಎತ್ತಿನ ಹೆಜ್ಜೆಯಲ್ಲಿ, ಒಂದು ಕಲ್ಲು ಹಿಡಿದು, ಒಂದು ಶಬ್ದ ಕೇಳುತ್ತ ನಡೆದೆ. ಆ ದಾರಿಯಲ್ಲಿ ಒಂದನ್ನು ನಿಶ್ಚಯ ಮಾಡಿಕೊಂಡೆ. ಆಚಾರ್ರು ಮೈಸೂರಿನಿಂದ ಬಂದ ಕೂಡಲೇ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಕೊಟ್ಟಿಗೆ ಬಿಟ್ಟು ಹೋಗುವುದು. ಹೋಗುವುದು ನನಗೇನು ಹೊಸದೇ?

ಆಚಾರ್ರು ಆಗಲೇ ಬಂದುಬಿಟ್ಟಿದ್ದರು. ಎಡಗಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಕೊಟ್ಟಿಗೆಯ ಮುಂದಿನ ಹಲಗೆಯ ಮೇಲೆ ಕೂತಿದ್ದರು. ಅವರ ಕ್ಷೇಮ ವಿಚಾರಿಸಲು ಕಮ್ಮಾರನೂ ಅಕ್ಕಪಕ್ಕದ ಊರಿನ ಮೂರ್ನಾಲ್ಕು ಬೇಸಾಯಗಾರರೂ ಸೇರಿದ್ದರು. ಗಾಡಿ ನಿಂತಿತು. ಆಚಾರ್ರು ಎದ್ದು ಬಂದು ಮಾತಿಲ್ಲದೆ ಗುಂಬದ ಮೇಲೆ ಕೈಯಾಡಿಸಿದರು. ತೊಗಲಿನ ಹಗ್ಗ, ಬಿರುಕು. ಕೈ ಹಿಂದಕ್ಕೆ ಹೋಗಿ ಮೊದಲ ಕಚ್ಚನ್ನು ಮುಟ್ಟಿತು. ಪಕ್ಕದ ಕಚ್ಚಿನ ಮೇಲೆ ನಿಂತಿತು. ತಮ್ಮ ಬಾಚಿಯ ಪೆಟ್ಟು ಯಾವುದು, ಬೇರೆಯವರದು ಯಾವುದು ಎಂದು ತಿಳಿಯಲು ಅವರಿಗೆ ಕಣ್ಣು ಬೇಕಿರಲಿಲ್ಲ.

ಅವರು ಗಾಡಿಯವನ ಕಡೆ ತಿರುಗಿ ಎರಡೂ ಕೈ ಮುಗಿದರು.

"ತಪ್ಪಾಯ್ತಪ್ಪ. ಮೈಸೂರ್ಗೆ ಹೋಗೋಕ್ ಮುಂಚೆ ನಾನೇ ಈ ತುಂಡ್ನ ಎತ್ತಿ ಮಡ್ಗಿದ್ದೆ. ಕಣ್ಣು ಮಂಜಾಗಿತ್ತು ನೋಡು, ಯಾವ್ದು ಹಳೇದು, ಯಾವ್ದು ಹೊಸದು ಗೊತ್ತಾಗ್ನಿಲ್ಲ. ಎರಡ್ನೇ ಕಚ್ಚೂ ನಾನೇ ಹಾಕ್ದೆ. ಹುಡ್ಗ ಹೇಳ್ದಷ್ಟ್ ಮಾಡವ್ನೆ. ನಿನ್ನ ಎತ್ತು ಚೆನ್ನಾಗವ್ವಾ?"

ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಾಡಿಯವನು ನನ್ನನ್ನು ನೋಡಿದ. ನಿಜ ಅವನಿಗೆ ಗೊತ್ತಿತ್ತು, ನಾನೇ ಹೇಳಿದ್ದೆನಲ್ಲ. ಅವನು ಕಾದ. ಎರಡು ಎತ್ತು ಒಮ್ಮೆ ಬಾಲ ಬೀಸುವಷ್ಟು ಹೊತ್ತು ಅಷ್ಟೆ, ಆದರೆ ಕಾದ. ಹೇಳಬೇಕಾದದ್ದು ಒಂದೇ ಮಾತು. ಕಾಡಿನಲ್ಲಿ, ಯಾರೂ ಕೇಳದ ಕಡೆ, ಸಲೀಸಾಗಿ ಬಂದ ಮಾತು ಇಲ್ಲಿ, ನಾಳೆ ನನ್ನ ಕೈಯಲ್ಲಿ ಗಾಲಿ ಮಾಡಿಸಬೇಕಾದ ಈ ನಾಲ್ಕು ಜನರ ಮುಂದೆ, ಹೊರಡಲಿಲ್ಲ.

"ಆಯ್ತು ಬುಡಿ ಆಚಾರ್ರೇ" ಎಂದ ಅವನು.

ಆಚಾರ್ರು ತಮ್ಮ ಸ್ವಂತ ಗಾಡಿಯ ಎರಡೂ ಗಾಲಿ ಬಿಚ್ಚಿಸಿ ಅವನ ಗಾಡಿಗೆ ಹಾಕಿಸಿದರು. ಗಾಲಿ ಕಳಚದಂತೆ ಅಚ್ಚಿನ ತುದಿಗೆ ಕಡಾಣಿ ಬಡಿದವನು ನಾನೇ. ಅವನು ಹೊರಟಾಗ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಎಲ್ಲರೂ ಹೋದ ಮೇಲೆ ಕೇಳಿದೆ, "ಯಾಕೆ ಹಂಗಂದ್ರಿ?"

ಆಚಾರ್ರು ಕಣ್ಣಿನ ಬಟ್ಟೆ ಸರಿಮಾಡಿಕೊಂಡರು. ಅವರಿಗೆ ಸಿಟ್ಟು ಬಂದಿತ್ತು. "ಇನ್ನೇನ್ಲಾ ಅನ್ಲಿ? ನಾನಿನ್ನೆಷ್ಟ್ ದಿನ ಗಾಲಿ ಮಾಡೇನು? ನೀನು ಬೇಸಾಯ್ಗಾರ್ರ ಮಗ. ಗೌಡ್ರ ಹುಡ್ಗ ಕಳ್ ಕಚ್ಚು ಹಾಕ್ದ ಅಂತ ಒಂದ್ ಮಾತು ಊರ್ ತುಂಬುದ್ರೆ ನಿನ್ ಗಾಲಿ ಯಾವನೂ ಮುಟ್ಟಾಕಿಲ್ಲ. ಮೂರ್ ವರ್ಸ ಕಲ್ಸಿದ್ದು ಮಣ್ಣಾಯ್ತದೆ." ಎದ್ದು ಒಳಗೆ ಹೋಗುತ್ತ ನಿಂತು ಹೇಳಿದರು, "ನಿಂಗೆ ನಿಜ ಹೇಳ್ಬೇಕು ಅನ್ಸುದ್ರೆ ಯಾವತ್ತಾರ ನೀನೇ ಹೇಳು. ನಾನು ಬ್ಯಾಡ ಅನ್ನಲ್ಲ."

ನಾನು ಕೊಟ್ಟಿಗೆ ಬಿಟ್ಟು ಹೋಗಲಿಲ್ಲ. ಹೋಗಿದ್ದರೇ ಚೆನ್ನಾಗಿತ್ತೇನೋ. ನಾಳೆ ಹೇಳುತ್ತೇನೆ, ಸಂತೆ ದಿನ ಹೇಳುತ್ತೇನೆ, ನಾಲ್ಕು ಜನ ಸೇರಿದಾಗ ಹೇಳುತ್ತೇನೆ ಎಂದುಕೊಂಡೆ. ಜನ ಸೇರುತ್ತಿದ್ದರು. ಆಪರೇಷನ್ ಆದ ಮೇಲೆ ಆಚಾರ್ರಿಗೆ ಹಸಿ ಯಾವುದು, ಒಣಗಿದ್ದು ಯಾವುದು ತಿಳಿಯುವುದಿಲ್ಲವಂತೆ ಎಂಬ ಮಾತು ಕಟ್ಟೆಮಳಲವಾಡಿಯವರೆಗೂ ಹೋಗಿ, ಮಗಳು ಗಾಬರಿಯಾಗಿ ನೋಡಲು ಬಂದಿದ್ದಳು. ನಿಜವಾಗಿ ಅವರ ಆ ಕಣ್ಣಿಗೆ ಮೊದಲಿಗಿಂತ ಚೆನ್ನಾಗಿ ಕಾಣುತ್ತಿತ್ತು. ಎರಡು ವರ್ಷದೊಳಗೆ ಗಿರಾಕಿಗಳು ಗಾಲಿಯನ್ನು ನೇರವಾಗಿ ನನ್ನ ಹತ್ತಿರ ತರತೊಡಗಿದರು. "ನೀವೇ ಮಾಡ್ಕೊಡಿ, ಮುದುಕ್ರ ಕೈಗ್ ಕೊಡ್ಬ್ಯಾಡಿ" ಎಂದು ನನ್ನ ಕಿವಿಯ ಹತ್ತಿರ ಬಗ್ಗಿ ಹೇಳುತ್ತಿದ್ದರು. ಆಚಾರ್ರು ಮೂರು ಮಾರು ದೂರದಲ್ಲಿ ಅರೆಕಾಲು ಕೆತ್ತುತ್ತಿದ್ದರು. ಕಿವಿ ಅವರಿಗೆ ಚೆನ್ನಾಗಿತ್ತು, ದಿಮ್ಮಿಯ ಒಳಗಿನ ಪೊಳ್ಳನ್ನು ಕೇಳುವ ಕಿವಿ. ಕೆತ್ತುವ ಸದ್ದು ಒಮ್ಮೆಯೂ ನಿಲ್ಲುತ್ತಿರಲಿಲ್ಲ. ನಾನು ಗಾಲಿ ತೆಗೆದುಕೊಳ್ಳುತ್ತಿದ್ದೆ.

ಊಟಕ್ಕೆ ಕೂತು ಎರಡು ಸಲ ಏಳುವವನು, ಬಸ್ಸಿನಿಂದ ಇಳಿದು ಓಡುವವನು, ಆ ಮಾತಿನ ಮುಂದೆ ಮಾತ್ರ ವರ್ಷಗಟ್ಟಲೆ ಅಲುಗಾಡದೆ ಕೂತೆ. ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ. ಆಗಲೂ ಆಗುತ್ತಿತ್ತು. ಆದರೆ ಹೇಸಿಗೆಯಿಂದ ಯಾರ ಬಾಯೂ ತೆರೆದುಕೊಳ್ಳುವುದಿಲ್ಲ.

ಆ ದಶಕ ಮುಗಿಯುವ ಮೊದಲೇ ಆಚಾರ್ರು ತೀರಿಕೊಂಡರು. ಮಣ್ಣಿಗೆ ನಾಲ್ಕೂ ತಾಲ್ಲೂಕಿನಿಂದ ಜನ ಬಂದಿದ್ದರು. ಎಲ್ಲ ಮುಗಿಸಿ ಕೆರೆಯಲ್ಲಿ ಕಾಲು ತೊಳೆಯುತ್ತಿದ್ದಾಗ, ಅವರಿಂದ ಮೊದಲಿನಿಂದಲೂ ಗಾಲಿ ಮಾಡಿಸಿಕೊಳ್ಳುತ್ತಿದ್ದ ಒಬ್ಬ ಹಿರಿಯರು ನನ್ನ ಹೆಗಲ ಮೇಲೆ ಕೈಯಿಟ್ಟರು.

"ಒಳ್ಳೇ ಮನ್ಸ ಕಣಪ್ಪ. ಅಷ್ಟ್ ಗಾಲಿ ಮಾಡುದ್ರು, ಕಡೇಲಿ ಕಣ್ಣೊಂದು ಕೈಕೊಟ್ಟು ಅದೊಂದ್ ಗಾಲಿ ಕೆಡುಸ್ಕಂಡ್ರು. ಅಲ್ವಾ?"

ನಾನು ಹೂಂ ಅಂದೆ.